ಹಳೆಯ ಶಾತೋ ದಿಕೆಮ್ ಬಾಟಲಿಯ ಬಿರಡೆ ತೆಗೆಯುವುದು ಹೇಗೆ?

ವಿದೇಶದಿಂದ ಬಂದ ನೆಂಟರು ಕೊಟ್ಟ ಒಳ್ಳೆಯ ವೈನನ್ನು ಫ್ರಿಜ್‌ನಲ್ಲಿ ಕೊರೆಯುವಂತೆ ತಣಿಸಿ, ಬಿರಡೆ ಪುಡಿಪುಡಿ ಮಾಡಿ ಬಡಿಸುವವರನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಶಾತೋ ದಿಕೆಮ್ ಎಂಬ ಸಿಹಿ ಬಿಳಿ ವೈನ್ ಆದರಂತೂ ಆ ನಷ್ಟ ಸಹಿಸಲಾಗದು. ಫ್ರಾನ್ಸಿನ ಬೋರ್ಡೋ ಸೀಮೆಯ ಸೋತೆರ್ನ್‌ನಲ್ಲಿ ಶರತ್ಕಾಲದ ಬೆಳಗಿನ ಮಂಜಿಗೆ ದ್ರಾಕ್ಷಿಯ ಮೇಲೆ ಬೊಟ್ರೈಟಿಸ್ ಎಂಬ ಬೂಷ್ಟು ಬೆಳೆಯುತ್ತದೆ. ಹಣ್ಣಿನ ನೀರು ಆರಿ ಸಿಹಿ ಗಟ್ಟಿಯಾಗುತ್ತದೆ. ಹದಕ್ಕೆ ಬಂದ ಹಣ್ಣನ್ನಷ್ಟೇ ಬಿಡಿಸಲು ಕೊಯ್ಲಿನವರು ಒಂದೇ ಬಳ್ಳಿಗೆ ಹಲವು ಸಲ ಬರುತ್ತಾರೆ. ಒಂದು ಬಳ್ಳಿಗೆ ಸಿಗುವುದು ಸುಮಾರು ಒಂದು ಗ್ಲಾಸು ವೈನು. ಬೋರ್ಡೋ ವೈನುಗಳಿಗೆ ದರ್ಜೆ ಕೊಟ್ಟ 1855ರ ವರ್ಗೀಕರಣದಲ್ಲಿ ಸಿಹಿ ಬಿಳಿ ವೈನುಗಳ ಪೈಕಿ ಅತ್ಯುನ್ನತ ದರ್ಜೆ ಪಡೆದದ್ದು ಇದೊಂದೇ. 2012ರಲ್ಲಿ ಹಣ್ಣಿನ ಗುಣ ಒಪ್ಪಿಗೆಯಾಗದೆ ಆ ವರ್ಷದ ದಿಕೆಮ್ ಅನ್ನೇ ಎಸ್ಟೇಟಿನವರು ಹೊರತರಲಿಲ್ಲ.

ಮೊದಲು ಲೇಬಲ್ ನೋಡಿ. ‘ವೈ’ (Y) ಎಂಬ ಒಂದೇ ಅಕ್ಷರ ದೊಡ್ಡದಾಗಿದ್ದರೆ ಅದು ಇದೇ ಎಸ್ಟೇಟಿನ ಇಗ್ರೆಕ್, ಅಷ್ಟು ಸಿಹಿಯಿಲ್ಲದ ಬೇರೆಯದೇ ವೈನು.

ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಗಷ್ಟು ತಳ ಸೇರುತ್ತದೆ. ಗಾಜಿನ ಚೂರಿನಂತೆ ಕಾಣುವ ಹರಳುಗಳಿದ್ದರೆ ಹೆದರಬೇಡಿ, ಅವು ದ್ರಾಕ್ಷಿಯದೇ ಆಮ್ಲದ ಹರಳು.

ಬಡಿಸುವಾಗ 10ರಿಂದ 12 ಡಿಗ್ರಿ ಇರಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಜೇನು, ಕೇಸರಿ, ಏಪ್ರಿಕಾಟ್‌ಗಳ ಪರಿಮಳ ಮುದುಡಿಕೊಳ್ಳುತ್ತದೆ. ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಡಿ. ಗ್ಲಾಸಿಗೆ ಐಸ್ ಮಾತ್ರ ಬೇಡವೇ ಬೇಡ.

ಈಗ ಬಿರಡೆ. ಜನ ಎಡವುವುದು ಇಲ್ಲಿಯೇ. ಇಪ್ಪತ್ತು ಮೂವತ್ತು ವರ್ಷದ ಬಿರಡೆ ಮೆತ್ತಗಾಗಿರುತ್ತದೆ. ಎರಡು ರೆಕ್ಕೆಗಳ ಅಗ್ಗದ ಓಪನರ್ ತರಲೇಬೇಡಿ. ಅದರ ದಪ್ಪ ತಿರುಪು ನಡುವೆ ತೂತು ಕೊರೆದು ಬಿರಡೆಯನ್ನು ಹುಡಿ ಮಾಡುತ್ತದೆ. ಬಾಯಿಯ ಮೇಲಿನ ಹಾಳೆಯನ್ನು ಅಂಚಿನ ಕೆಳಗೆ ಕತ್ತರಿಸಿ, ಒದ್ದೆ ಬಟ್ಟೆಯಿಂದ ಒರೆಸಿ. ನನ್ನ ಆಯ್ಕೆ ‘ಆ-ಸೋ’ ಎಂಬ, ಎರಡು ತೆಳು ಅಲಗುಗಳ ಸಾಧನ. ಉದ್ದದ ಅಲಗನ್ನು ಮೊದಲು ಬಿರಡೆಗೂ ಗಾಜಿಗೂ ನಡುವೆ ತೂರಿಸಿ, ಆಮೇಲೆ ಇನ್ನೊಂದನ್ನು ಎದುರು ಬದಿಯಲ್ಲಿ. ಆಚೀಚೆ ತೂಗಾಡಿಸುತ್ತಾ ಇಳಿಸಿ, ಒತ್ತಬೇಡಿ. ಹಿಡಿ ಬಿರಡೆಗೆ ತಾಗಿದ ಮೇಲೆ ತಿರುಗಿಸುತ್ತಲೇ ಮೇಲಕ್ಕೆತ್ತಿ. ಬಿರಡೆ ಮೊದಲೇ ಸಡಿಲವಾಗಿದ್ದರೆ ಆ-ಸೋ ಅದನ್ನು ಒಳಗೆ ತಳ್ಳಿಬಿಡುತ್ತದೆ; ಆಗ ಹೋಟೆಲಿನ ಸಪ್ಲೈಯರ್ ಬಳಸುವಂಥ, ನಡುವೆ ಟೊಳ್ಳಾದ ಉದ್ದ ಸುರುಳಿಯ ಓಪನರ್ ಉತ್ತಮ. ಅರ್ಧಕ್ಕೇ ಮುರಿಯಿತೇ? ಸುರುಳಿಯನ್ನು ಓರೆಯಾಗಿ ಇಳಿಸಿ, ಉಳಿದ ತುಂಡನ್ನು ಗಾಜಿನ ಗೋಡೆಗೆ ಒತ್ತಿ ಹಿಡಿದು ಎಳೆಯಿರಿ. ಚೂರು ಒಳಗೆ ಬಿದ್ದರೆ ಸ್ಟೀಲಿನ ಸಣ್ಣ ಜರಡಿಯಲ್ಲಿ ಸೋಸಿ. ಚಹಾ ಸೋಸುವ ಜರಡಿ ಬೇಡ, ವಾಸನೆ ಅಂಟಿರುತ್ತದೆ.

ಒಬ್ಬರಿಗೆ 60ರಿಂದ 75 ಮಿಲಿಲೀಟರ್ ಸಾಕು; 375 ಮಿಲಿಲೀಟರಿನ ಅರ್ಧ ಬಾಟಲಿ ಐದಾರು ಮಂದಿಗೆ ಬರುತ್ತದೆ. ಜೊತೆಗೆ ರೋಕ್‌ಫೋರ್ ಎಂಬ ಉಪ್ಪುಪ್ಪು ಚೀಸ್ ಇರಲಿ. ಜಾಮೂನು, ಚಾಕೊಲೇಟ್ ಬೇಡ: ತಿನಿಸು ವೈನಿಗಿಂತ ಸಿಹಿಯಾದರೆ ವೈನು ಹುಳಿಯೆನಿಸುತ್ತದೆ.

ಉಳಿದದ್ದನ್ನು ಚೆಲ್ಲಬೇಡಿ. ಸ್ವಚ್ಛವಾದ ಬಿರಡೆ ಹಾಕಿ, ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಸಕ್ಕರೆ, ಹುಳಿ ಎರಡೂ ಕಾಯುವುದರಿಂದ ಕೆಲವು ದಿನ ರುಚಿ ಚೆನ್ನಾಗಿಯೇ ಇರುತ್ತದೆ.