ದಂಪತಿಯ ದ್ವೀಪ ಪ್ರವಾಸ: ಕೋಣೆಗಿಂತ ಮೊದಲು ಕಡಲನ್ನು ನೋಡಿ

ಕೊಡಗಿನ ಕಕ್ಕಬೆಯ ಹತ್ತಿರ ನಾವು ನಡೆಸುವ ಸಣ್ಣ ಹೋಂಸ್ಟೇಯ ಜಾಹೀರಾತಿನಲ್ಲಿ ‘ಜಗಲಿಯಿಂದಲೇ ತಡಿಯಂಡಮೋಳ್ ಬೆಟ್ಟ ಕಾಣುತ್ತದೆ’ ಎಂದು ಬರೆದಿದ್ದೇವೆ. ಅದು ಸುಳ್ಳಲ್ಲ. ಆದರೆ ಜೊತೆಗಿರುವ ಫೋಟೊ ಜನವರಿಯ ಒಂದು ಬೆಳಿಗ್ಗೆ ತೆಗೆದದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಜಗಲಿಯಲ್ಲಿ ಕುಳಿತರೆ ಅಂಗಳದ ಹಲಸಿನ ಮರವೂ ಮಂಜಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಫೋನ್ ಮಾಡಿ ‘ನಾವು ಬರುವ ತಿಂಗಳಲ್ಲಿ ಬೆಟ್ಟ ಕಾಣುತ್ತದೆಯೇ’ ಎಂದು ವಿಚಾರಿಸುವ ಅತಿಥಿಗೆ ನಿಜವನ್ನೇ ಹೇಳುತ್ತೇವೆ, ಆದರೆ ಹಾಗೆ ವಿಚಾರಿಸುವವರು ಕಡಿಮೆ. ಕಡಲತೀರದ ರೆಸಾರ್ಟುಗಳ ವ್ಯವಹಾರವೂ ಇದಕ್ಕಿಂತ ಬೇರೆಯಲ್ಲ ಎಂಬುದನ್ನು ನಾನೂ ನನ್ನ ಪತ್ನಿಯೂ ಅತಿಥಿಗಳಾಗಿ ಹೊರಟ ಮೇಲೆ ಅರಿತುಕೊಂಡೆವು.

ಕೊಡಗಿನಲ್ಲಿರುವವರಿಗೆ ಮರದ ಚಾವಣಿಯ ಕೋಣೆ, ಹಸಿರು, ಹಕ್ಕಿಯ ದನಿ ಇವು ಯಾವುವೂ ಹೊಸತಲ್ಲ. ಬರಿಯ ಕಡಲನ್ನು ನೋಡಬೇಕೆಂದರೆ ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು, ಕಣ್ಣೂರಿನ ತೀರದಲ್ಲಿ ಮಧ್ಯಾಹ್ನ ಕಳೆದು, ರಾತ್ರಿಯೊಳಗೆ ಮನೆ ಸೇರಬಹುದು. ಹೀಗಿರುವಾಗ ನಾವು ದೂರದ ದ್ವೀಪಕ್ಕೆ ಹಣ ತೆರುವುದು ಅಲ್ಲಿನ ತಿಳಿನೀರಿಗಾಗಿ, ಅದರಲ್ಲಿ ಇಬ್ಬರೂ ನಿರ್ಭಯವಾಗಿ ಇಳಿಯಬಹುದು ಎಂಬುದಕ್ಕಾಗಿ. ಆದ್ದರಿಂದ ಮೊದಲು ತಿಂಗಳು, ಅನಂತರ ದ್ವೀಪದ ಯಾವ ಮಗ್ಗುಲು, ಆಮೇಲೆ ಹೋಟೆಲಿನ ಎದುರಿನ ನೀರು, ಅಲ್ಲಿಗೆ ತಲುಪುವ ದಾರಿ, ಕೊನೆಗೆ ಕೋಣೆ ಎಂಬ ಕ್ರಮದಲ್ಲಿ ಹುಡುಕುವುದು ಒಳ್ಳೆಯದು. ಬಹುಪಾಲು ಜನ ಕೋಣೆಯಿಂದ ಆರಂಭಿಸಿ ತಿಂಗಳಿಗೆ ಬರುತ್ತಾರೆ.

ಮಗ್ಗುಲಿನ ಮಾತು ನಮಗೆ ಸುಲಭವಾಗಿ ಅರ್ಥವಾಗಬೇಕು. ಭಾಗಮಂಡಲದಲ್ಲಿ ಮಳೆ ಸುರಿಯುತ್ತಿರುವ ಹೊತ್ತಿನಲ್ಲಿ ಕುಶಾಲನಗರದಲ್ಲಿ ಬಟ್ಟೆ ಒಣಗಿಸುವಷ್ಟು ಬಿಸಿಲಿರುವುದನ್ನು ನಾವು ಪ್ರತಿವರ್ಷ ಕಾಣುತ್ತೇವೆ. ದ್ವೀಪಗಳಲ್ಲೂ ಹಾಗೆಯೇ. ಶ್ರೀಲಂಕಾದ ನೈಋತ್ಯ ತೀರದ ಬೆಂತೋಟ, ಉನವಟುನಗಳಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕಡಲು ಶಾಂತವಾಗಿದ್ದರೆ, ಪೂರ್ವ ತೀರದ ತ್ರಿಂಕೋಮಲಿ, ಪಾಸಿಕುಡಾಗಳಿಗೆ ಹೋಗಬೇಕಾದದ್ದು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ. ಥಾಯ್ಲೆಂಡಿನಲ್ಲಿ ಫುಕೆಟ್‌ನ ಪಶ್ಚಿಮ ತೀರ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಬ್ಬರದ ಅಲೆಗಳಿಂದ ಕೂಡಿದ್ದು ಕೆಂಪು ಬಾವುಟ ಹಾರುತ್ತಿರುತ್ತದೆ. ಅದೇ ದೇಶದ ಇನ್ನೊಂದು ಬದಿಯ ಕೊ ಸಮೂಯಿಯಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮಾರಿಷಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗ್ನೇಯದ ಗಾಳಿ ಪೂರ್ವ ತೀರಕ್ಕೆ ಬಲವಾಗಿ ಬೀಸುವುದರಿಂದ ಆ ದಿನಗಳಲ್ಲಿ ಪಶ್ಚಿಮದ ಅಥವಾ ಉತ್ತರದ ತೀರ ಲೇಸು.

ನಮ್ಮ ಬಿಡುವಿನ ದಿನಗಳನ್ನು ಇದಕ್ಕೆ ಹೊಂದಿಸಿ ನೋಡಬೇಕು. ಅರೇಬಿಕಾ ಕಾಫಿ ಮುಗಿದು ರೊಬಸ್ಟಾ ಕೊಯ್ಲು ಕಣಕ್ಕೆ ಬರುವಷ್ಟರಲ್ಲಿ ಫೆಬ್ರವರಿ ಕಳೆಯುತ್ತದೆ, ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಕೆಲಸ ಬೇರೆ. ಹಾಗಾಗಿ ತೋಟದ ಮನೆಯ ದಂಪತಿಗೆ ನಿಜವಾಗಿ ಬಿಡುವು ಸಿಗುವುದು ಏಪ್ರಿಲ್‌ನಲ್ಲಿ, ಇಲ್ಲವೇ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಏಪ್ರಿಲ್ ಆದರೆ ಮಾಲ್ಡೀವ್ಸ್, ಅಂಡಮಾನ್ ಎರಡೂ ಆಗಬಹುದು. ಬಾಲಿಯಲ್ಲಿಯೂ ಆಗಲೇ ಒಣ ಋತು ತೊಡಗಿರುತ್ತದೆ. ಕಕ್ಕಡದಲ್ಲಿ ಮಾಲ್ಡೀವ್ಸ್ ಅಗ್ಗವಾಗಿ ಸಿಗುತ್ತದೆ ಎಂದು ಏಜೆಂಟರು ಹೇಳುವುದು ಸರಿಯಾದರೂ, ನಮ್ಮ ಹೆಂಚಿನ ಮೇಲೆ ಸುರಿಯುವ ಅದೇ ನೈಋತ್ಯ ಮುಂಗಾರು ಅಲ್ಲಿಯೂ ಇರುತ್ತದೆ. ಮಳೆಯಿಂದ ತಪ್ಪಿಸಿಕೊಂಡು ಮತ್ತೆ ಮಳೆಗೇ ಹೋಗುವುದಕ್ಕಿಂತ ಆ ತಿಂಗಳಲ್ಲಿ ಬಾಲಿಯನ್ನೋ ಶ್ರೀಲಂಕಾದ ಪೂರ್ವ ತೀರವನ್ನೋ ನೋಡುವುದು ಜಾಣತನ.

ಎದುರಿನ ನೀರಿನ ವಿಷಯದಲ್ಲಿ ನಾವು ಎಡವಿದ್ದು ಅಂಡಮಾನಿನಲ್ಲಿ. ಹ್ಯಾವ್‌ಲಾಕ್ ಎಂಬ ಹೆಸರಿದ್ದು 2018ರಲ್ಲಿ ಸ್ವರಾಜ್ ದ್ವೀಪವಾದ ಆ ದ್ವೀಪದ ಪೂರ್ವ ತೀರದಲ್ಲಿ ಒಂದು ಹೋಟೆಲನ್ನು ಹಿಡಿದಿದ್ದೆವು. ಕೋಣೆಯಿಂದ ಮೂವತ್ತು ಹೆಜ್ಜೆಗೆ ಮರಳು, ಅದರಾಚೆ ಹಸಿರುನೀಲಿ ನೀರು. ಚಿತ್ರದಲ್ಲಿ ಇದ್ದಂತೆಯೇ ಇತ್ತು. ಊಟ ಮುಗಿಸಿ ಎರಡು ಗಂಟೆಗೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನೋಡಿದರೆ ನೀರೇ ಇರಲಿಲ್ಲ. ಕಡಲು ಬಹುದೂರ ಹಿಂದೆ ಸರಿದು, ಪಾಚಿ ಹಿಡಿದ ಕಲ್ಲುಗಳೂ ಸತ್ತ ಹವಳದ ಚೂರುಗಳೂ ಕೆಸರೂ ಬಿಸಿಲಿಗೆ ಬಿದ್ದಿದ್ದವು. ಸಂಜೆಗೆ ನೀರು ಬರುತ್ತದೆ ಎಂದು ಅಲ್ಲಿನ ಹುಡುಗ ಸಮಾಧಾನ ಹೇಳಿದ. ಆದರೆ ನಮ್ಮ ಗಡಿಯಾರದ ಸಮಯವನ್ನೇ ಇಟ್ಟುಕೊಂಡ ಆ ದ್ವೀಪಗಳು ಅಷ್ಟು ಪೂರ್ವಕ್ಕಿರುವುದರಿಂದ ಚಳಿಗಾಲದಲ್ಲಿ ಐದು ಗಂಟೆಗೇ ಸೂರ್ಯ ಮುಳುಗುತ್ತಾನೆ. ನೀರು ಬಂದಾಗ ಕತ್ತಲಾಗಿತ್ತು. ಮರುದಿನ ಆಟೊ ಮಾಡಿಕೊಂಡು ದ್ವೀಪದ ಪಶ್ಚಿಮಕ್ಕಿರುವ ರಾಧಾನಗರ ಬೀಚಿಗೆ ಹೋದೆವು. ಇಳಿತದಲ್ಲೂ ಸ್ನಾನಕ್ಕೆ ಯೋಗ್ಯವಾದ ಮರಳಿನ ತಳ ಅಲ್ಲಿತ್ತು. ಜಿಗಣೆಗೆ ಹೆದರದ ನಾವು ಅಲ್ಲಿನ ಮರಳುನೊಣಗಳಿಗೆ ಸೋತು ಬಂದದ್ದು ಬೇರೆ ಕಥೆ.

ಈ ತಪ್ಪನ್ನು ಮನೆಯಲ್ಲಿ ಕುಳಿತೇ ತಪ್ಪಿಸಿಕೊಳ್ಳಬಹುದಿತ್ತು. ಗೂಗಲ್ ಮ್ಯಾಪ್‌ನಲ್ಲಿ ಹೋಟೆಲನ್ನು ಹುಡುಕಿ, ಉಪಗ್ರಹದ ಚಿತ್ರಕ್ಕೆ ಬದಲಿಸಿ, ತೀರದ ಮುಂದಿನ ಬಣ್ಣಗಳನ್ನು ನಿಧಾನವಾಗಿ ನೋಡಬೇಕು. ತೀರಕ್ಕೆ ಅಂಟಿಕೊಂಡಂತೆ ತಿಳಿ ನೀಲಿ ಪಟ್ಟಿ ಅಗಲವಾಗಿ, ಒಂದೇ ಸಮನಾಗಿ ಇದ್ದರೆ ಅದು ಮರಳಿನ ತಳದ ಆಳವಿಲ್ಲದ ನೀರು. ಕಂದು ಬಣ್ಣದ ತೇಪೆಗಳು ತೀರದವರೆಗೂ ಬಂದಿದ್ದರೆ ಕಲ್ಲು, ಹವಳ ಅಥವಾ ಕಡಲಹುಲ್ಲು ಎಂದು ತಿಳಿಯಬೇಕು. ಮೀನು ನೋಡಲು ಅದು ಚೆನ್ನ, ಬರಿಗಾಲಿನಲ್ಲಿ ನಡೆಯಲು ಅಲ್ಲ. ದೂರದಲ್ಲಿ ಬಿಳಿ ನೊರೆಯ ಗೆರೆಯೊಂದು ಕಂಡರೆ ಅಲೆಗಳು ಹವಳದ ದಿಬ್ಬಕ್ಕೆ ಬಡಿದು ಅಲ್ಲೇ ಒಡೆಯುತ್ತಿವೆ, ಒಳಗಿನ ನೀರು ಕೆರೆಯಂತೆ ಶಾಂತವಾಗಿದೆ ಎಂದರ್ಥ. ಆ ಗೆರೆ ಮರಳಿನ ಅಂಚಿನಲ್ಲೇ ಇದ್ದರೆ, ಬಾಲಿಯ ಕೂಟಾ, ಸೆಮಿನ್ಯಾಕ್‌ಗಳಲ್ಲಿರುವಂತೆ, ಅದು ಸರ್ಫಿಂಗ್ ಮಾಡುವವರ ಕಡಲು. ಈಜು ಬಾರದ ದಂಪತಿಗೆ ಅದೇ ದ್ವೀಪದ ನೂಸಾ ದುವಾ ವಾಸಿ. ಮಾಲ್ಡೀವ್ಸ್‌ನ ಕೆಲವು ರೆಸಾರ್ಟುಗಳ ಮುಂದೆ ಕಲ್ಲಿನ ತಡೆಗೋಡೆಗಳು ಗೆರೆ ಎಳೆದಂತೆ ಕಾಣುತ್ತವೆ. ಹೋಟೆಲಿನವರ ಫೋಟೊದಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ.

ಉಬ್ಬರವಿಳಿತದ ವೇಳಾಪಟ್ಟಿಯೂ ಅಂತರ್ಜಾಲದಲ್ಲಿ ಸಿಗುತ್ತದೆ. ಮಾಲ್ಡೀವ್ಸ್, ಮಾರಿಷಸ್‌ಗಳಲ್ಲಿ ಈ ಏರಿಳಿತ ಕಡಿಮೆ, ಅದರ ಚಿಂತೆ ಹೆಚ್ಚು ಬೇಡ. ಅಂಡಮಾನಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ಸುಮಾರು ಎರಡು ಮೀಟರ್ ಆಗುವುದರಿಂದ, ಹೊರಡುವ ದಿನವನ್ನು ಗೊತ್ತುಮಾಡುವ ಮೊದಲು ಪಂಚಾಂಗವನ್ನು ತೆರೆದು ನೋಡಿದರೂ ಸಾಕು.

ಬಾಲಿಯ ಬಗ್ಗೆ ಇನ್ನೊಂದು ಮಾತು. ಒಳನಾಡಿನ ಉಬುದ್‌ನಲ್ಲಿ ಮೂರು ರಾತ್ರಿ, ಕಡಲ ಬದಿ ಎರಡು ರಾತ್ರಿ ಎಂಬ ಪ್ಯಾಕೇಜನ್ನು ಎಲ್ಲರೂ ಮಾರುತ್ತಾರೆ. ಬೆಂಗಳೂರಿನವರಿಗೆ ಅದು ಹಿಡಿಸೀತು. ಗದ್ದೆಯ ಬದು, ಕಾಡಿನ ಕಣಿವೆ, ತೊರೆಯ ಸದ್ದು, ಕಾಫಿ ತೋಟದ ಭೇಟಿ ಇವುಗಳಿಗೆ ನಾವು ಡಾಲರ್ ಕೊಡಬೇಕಾಗಿಲ್ಲ. ಆ ಲೆಕ್ಕವನ್ನು ತಿರುಗಿಸಿ ಕಡಲಿಗೆ ಹೆಚ್ಚು ರಾತ್ರಿ ಇಡಲು ಕೇಳಿಕೊಳ್ಳಿ. ಶಕ ವರ್ಷದ ಮೊದಲ ದಿನ, ಅಂದರೆ ಹೆಚ್ಚಾಗಿ ಮಾರ್ಚ್‌ನಲ್ಲಿ, ಅಲ್ಲಿ ನ್ಯೆಪಿ ಎಂಬ ಮೌನದ ಹಬ್ಬವಿದ್ದು, ವಿಮಾನ ನಿಲ್ದಾಣವೇ ಇಪ್ಪತ್ತನಾಲ್ಕು ಗಂಟೆ ಮುಚ್ಚಿರುತ್ತದೆ, ಹೋಟೆಲಿನಿಂದ ಅತಿಥಿಗಳೂ ಹೊರಬರುವಂತಿಲ್ಲ. ದಿನಾಂಕವನ್ನು ನೋಡಿಕೊಂಡೇ ಟಿಕೆಟ್ ಮಾಡಬೇಕು.

ತಲುಪುವ ದಾರಿಯ ವಿಷಯದಲ್ಲಿ ಮಾಲ್ಡೀವ್ಸ್ ಹೆಚ್ಚು ಎಚ್ಚರ ಬೇಡುತ್ತದೆ. ಅಲ್ಲಿ ಬಹುತೇಕ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಮಾಲೆಯ ವಿಮಾನ ನಿಲ್ದಾಣದಿಂದ ಅಲ್ಲಿಗೆ ಸ್ಪೀಡ್‌ಬೋಟ್, ಸೀಪ್ಲೇನ್ ಅಥವಾ ಒಳನಾಡಿನ ವಿಮಾನದಲ್ಲಿ ಹೋಗಬೇಕು. ಸೀಪ್ಲೇನ್ ಹಗಲಿನಲ್ಲಿ ಮಾತ್ರ ಹಾರುತ್ತದೆ. ಮಧ್ಯಾಹ್ನ ಕಳೆದು ಮಾಲೆಗೆ ಇಳಿದವರು ಆ ರಾತ್ರಿಯನ್ನು ಅಲ್ಲೇ ಇನ್ನೊಂದು ಹೋಟೆಲಿನಲ್ಲಿ ತಮ್ಮ ಖರ್ಚಿನಲ್ಲಿ ಕಳೆಯಬೇಕಾಗಬಹುದು, ರೆಸಾರ್ಟಿನ ಮೊದಲ ರಾತ್ರಿಯ ಬಾಡಿಗೆಯೂ ಹೋಗುತ್ತದೆ. ಮಡಿಕೇರಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಆರೇಳು ಗಂಟೆಯ ರಸ್ತೆ ಇರುವ ನಮಗೆ ಬೆಳಗಿನ ವಿಮಾನವೆಂದರೆ ರಾತ್ರಿಯೇ ಹೊರಡಬೇಕು. ಸಂಜೆಯ ವಿಮಾನವನ್ನು ಬಯಸುವವರು ಸ್ಪೀಡ್‌ಬೋಟಿನಲ್ಲಿ ತಲುಪಬಹುದಾದ, ಮಾಲೆಗೆ ಹತ್ತಿರದ ರೆಸಾರ್ಟನ್ನೇ ಆರಿಸಬೇಕು. ಈ ಪ್ರಯಾಣದ ದರ ಕೋಣೆಯ ದರದಲ್ಲಿ ಸೇರಿದೆಯೇ ಎಂದು ಕೇಳದೆ ಮುಂಗಡ ಕಟ್ಟಬೇಡಿ, ಸೀಪ್ಲೇನಿಗೆ ಒಬ್ಬೊಬ್ಬರಿಗೆ ನೂರಾರು ಡಾಲರ್ ಆಗುತ್ತದೆ.

ದರದ ಪಕ್ಕದಲ್ಲಿ ಎರಡು ಕೂಡಿಕೆ ಚಿಹ್ನೆಗಳಿದ್ದರೆ ಸೇವಾ ಶುಲ್ಕವೂ ತೆರಿಗೆಯೂ ಬೇರೆ ಎಂದು ತಿಳಿಯಬೇಕು. ಒಂದು ಲೆಕ್ಕ ಹಾಕಿ ನೋಡೋಣ. ಮಾಲ್ಡೀವ್ಸ್‌ನ ರೆಸಾರ್ಟೊಂದರಲ್ಲಿ ರಾತ್ರಿಗೆ 400 ಡಾಲರ್ ಎಂದು ಬರೆದಿದ್ದರೆ, ಶೇ. 10ರ ಸೇವಾ ಶುಲ್ಕ ಸೇರಿ 440 ಆಗುತ್ತದೆ. ಅದರ ಮೇಲೆ 2025ರ ಜುಲೈನಿಂದ ಶೇ. 17ಕ್ಕೆ ಏರಿರುವ ಪ್ರವಾಸೋದ್ಯಮ ತೆರಿಗೆ ಬಿದ್ದು ಸುಮಾರು 515. ಹಸಿರು ತೆರಿಗೆ ಎಂದು ತಲೆಗೆ ದಿನಕ್ಕೆ 12 ಡಾಲರ್, ಇಬ್ಬರಿಗೆ 24. ಅಲ್ಲಿಗೆ 400ರ ಕೋಣೆ 539 ಆಯಿತು, ಇನ್ನೂ ಊಟ ಬಂದಿಲ್ಲ.

ಊಟವನ್ನೂ ಮೊದಲೇ ತೀರ್ಮಾನಿಸಬೇಕು. ಅಂಡಮಾನ್, ಬಾಲಿ, ಶ್ರೀಲಂಕಾಗಳಲ್ಲಿ ಬೆಳಗಿನ ತಿಂಡಿ ಸೇರಿದ ದರ ಸಾಕು. ಹೊರಗೆ ಹೋಗಿ ಮೀನು ಊಟ ಮಾಡುವುದೇ ಸುಖ. ಆದರೆ ಒಂದೇ ರೆಸಾರ್ಟಿನ ದ್ವೀಪದಲ್ಲಿ ಎದುರಿನ ಅಂಗಡಿ ಎಂಬುದೇ ಇಲ್ಲದ್ದರಿಂದ, ಕನಿಷ್ಠ ಎರಡು ಹೊತ್ತಿನ ಊಟ ಸೇರಿದ ಹಾಫ್ ಬೋರ್ಡ್ ತೆಗೆದುಕೊಂಡು, ಕುಡಿಯುವ ನೀರಿಗೆ ಬಿಲ್ ಹಾಕುತ್ತಾರೆಯೇ ಎಂದು ಕೇಳಿಕೊಳ್ಳಬೇಕು. ಇಬ್ಬರಲ್ಲಿ ಒಬ್ಬರೂ ಮದ್ಯ ಸೇವಿಸದಿದ್ದರೆ ಎಲ್ಲವೂ ಸೇರಿದ ಆಲ್ ಇನ್‌ಕ್ಲೂಸಿವ್ ದರ ಬರಿಯ ನಷ್ಟ. ಮನೆಯಲ್ಲಿ ಮಾಡಿದ ವೈನನ್ನೋ ಹಂದಿಮಾಂಸದ ಉಪ್ಪಿನಕಾಯಿಯನ್ನೋ ಚೀಲದಲ್ಲಿ ಇಟ್ಟುಕೊಂಡು ಹೋಗುವ ನಮ್ಮವರ ಅಭ್ಯಾಸ ಮಾಲ್ಡೀವ್ಸ್‌ಗೆ ಆಗದು. ಎರಡನ್ನೂ ಒಳಗೆ ಬಿಡುವುದಿಲ್ಲ. ರೆಸಾರ್ಟಿನಲ್ಲಿ ಮದ್ಯ ಸಿಗುತ್ತದೆ, ಸ್ಥಳೀಯರು ವಾಸಿಸುವ ದ್ವೀಪಗಳ ಅಗ್ಗದ ಗೆಸ್ಟ್‌ಹೌಸುಗಳಲ್ಲಿ ಸಿಗುವುದಿಲ್ಲ. ಅಂತಹ ದ್ವೀಪಗಳಲ್ಲಿ ಈಜುಡುಗೆಗೂ ಗೊತ್ತುಪಡಿಸಿದ ತೀರವೇ ಇರುತ್ತದೆ.

ಇನ್ನು ಕೋಣೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ವಾಟರ್ ವಿಲ್ಲಾ ನೋಡಲು ಚೆಂದ, ದರ ಹೆಚ್ಚು, ಅದರ ಮೆಟ್ಟಿಲು ಇಳಿದ ಕಡೆ ಎಷ್ಟು ಆಳ, ಎಷ್ಟು ಸೆಳೆತ ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಈಜು ಬಾರದವರು ಮರಳಿನ ಮೇಲಿನ ಬೀಚ್ ವಿಲ್ಲಾವನ್ನು ಆರಿಸಿದರೆ ಬೇಕಾದಾಗ ಮೊಣಕಾಲುದ್ದದ ನೀರಿಗೆ ನಡೆದು ಹೋಗಬಹುದು. ನೀರಿನ ಮೇಲೆ ಮಲಗಲೇಬೇಕೆಂಬ ಆಸೆಯಿದ್ದರೆ ಕೊನೆಯ ಒಂದು ರಾತ್ರಿಯನ್ನು ಅದಕ್ಕೆ ಇಡಬಹುದು. ‘ಸೀ ವ್ಯೂ’ ಎಂದರೆ ಕಡಲು ಎಲ್ಲಿಂದಲೋ ಕಾಣುತ್ತದೆ, ‘ಪಾರ್ಷಿಯಲ್ ಸೀ ವ್ಯೂ’ ಎಂದರೆ ಕುತ್ತಿಗೆ ಹೊರಳಿಸಿದರೆ ಕಾಣುತ್ತದೆ, ‘ಬೀಚ್ ಆಕ್ಸೆಸ್’ ಎಂದರೆ ನಡುವೆ ರಸ್ತೆಯೂ ಇರಬಹುದು. ‘ಬೀಚ್‌ಫ್ರಂಟ್’ ಎಂಬುದೊಂದೇ ನಂಬಬಹುದಾದ ಮಾತು, ಅದನ್ನೂ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಹೊಸದಾಗಿ ಮದುವೆಯಾದವರು ಮದುವೆಯ ದಿನಾಂಕವನ್ನು ತಿಳಿಸಿದರೆ ಅನೇಕ ರೆಸಾರ್ಟುಗಳು ಒಂದು ಊಟವನ್ನೋ ಮೇಲ್ದರ್ಜೆಯ ಕೋಣೆಯನ್ನೋ ಕೊಡುತ್ತವೆ, ಅದಕ್ಕಾಗಿ ವಿವಾಹ ಪ್ರಮಾಣಪತ್ರದ ಪ್ರತಿ ಕೈಯಲ್ಲಿರಲಿ. ಮಕ್ಕಳ ಗಲಾಟೆ ಬೇಡವೆನ್ನುವವರಿಗೆ ವಯಸ್ಕರಿಗೆ ಮಾತ್ರ ಮೀಸಲಾದ ರೆಸಾರ್ಟುಗಳೂ ಇವೆ.

ಅತಿಥಿಗಳ ಅಭಿಪ್ರಾಯಗಳನ್ನು ಓದುವಾಗ ಐದು ನಕ್ಷತ್ರದ ಹೊಗಳಿಕೆಯನ್ನೂ ಒಂದು ನಕ್ಷತ್ರದ ಸಿಟ್ಟನ್ನೂ ಬದಿಗಿಟ್ಟು, ಮೂರು ನಕ್ಷತ್ರ ಕೊಟ್ಟವರನ್ನು ಓದಿ. ನಮ್ಮ ಮನೆಯ ನಿಜವಾದ ಕೊರತೆಗಳನ್ನು ನನಗೆ ತಿಳಿಸಿದವರು ಅವರೇ. ನೀವು ಹೋಗುವ ತಿಂಗಳಲ್ಲೇ ಹೋಗಿ ಬಂದವರು ತೆಗೆದ ಫೋಟೊಗಳು, ಪಕ್ಕದಲ್ಲಿ ಕಟ್ಟಡದ ಕೆಲಸ ನಡೆಯುತ್ತಿದೆ ಎಂಬ ಮಾತು, ಏರ್‌ಕಂಡೀಷನರಿನ ಸದ್ದು ಇವನ್ನು ಗಮನಿಸಿ. ಅನಂತರ ಹೋಟೆಲಿಗೆ ನೇರವಾಗಿ ಇಮೇಲ್ ಬರೆದು, ಆ ತಿಂಗಳಲ್ಲಿ ಇಳಿತದ ವೇಳೆಗೆ ಎದುರಿನ ತೀರದಲ್ಲಿ ಈಜಬಹುದೇ, ತೆರಿಗೆ ಮತ್ತು ಪ್ರಯಾಣ ಸೇರಿ ಒಟ್ಟು ಎಷ್ಟು, ಎಷ್ಟು ದಿನ ಮೊದಲು ರದ್ದು ಮಾಡಿದರೆ ಹಣ ವಾಪಸು ಬರುತ್ತದೆ ಎಂಬ ಮೂರನ್ನು ಬರಹದಲ್ಲಿ ಪಡೆದುಕೊಳ್ಳಿ. ಉತ್ತರ ಬರುವ ರೀತಿಯಿಂದಲೇ ಆ ಮನೆಯ ನಡವಳಿಕೆ ಅರ್ಧ ತಿಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿಹೋದದ್ದನ್ನು ಕಂಡ ನಾವು, ಮಳೆಗಾಲದ ಪ್ರವಾಸಕ್ಕೆ ಹಣ ವಾಪಸಾಗದ ಅಗ್ಗದ ದರವನ್ನು ಹಿಡಿಯಬಾರದು.

ಮರಳುವ ದಿನದ ಬಗ್ಗೆಯೂ ಅದೇ ಪತ್ರದಲ್ಲಿ ಕೇಳಿಬಿಡಿ. ಕೋಣೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಬಿಡಬೇಕು, ವಿಮಾನ ರಾತ್ರಿಗೆ ಇರುತ್ತದೆ. ಆ ನಡುವಿನ ಹೊತ್ತಿನಲ್ಲಿ ಚೀಲ ಇಡಲು ಜಾಗ, ಕಡಲಿನಿಂದ ಎದ್ದು ಬಂದು ಸ್ನಾನ ಮಾಡಲು ಒಂದು ಕೋಣೆ ಇದೆಯೇ ಎಂದು ತಿಳಿದಿದ್ದರೆ, ಮೈಯೆಲ್ಲ ಉಪ್ಪು ಅಂಟಿಸಿಕೊಂಡು ಬೆಂಗಳೂರಿನಿಂದ ಊರಿನವರೆಗೆ ಕಾರಿನಲ್ಲಿ ಕುಳಿತು ಬರುವುದು ತಪ್ಪುತ್ತದೆ.