ಟ್ರ್ಯಾಕ್ ಬಿಟ್ಟ ಮೇಲೆ ಕಲೆ, ಟೀಚಿಂಗ್ ಕಡೆ ಹೋಗುದು ಹೇಗೆ

ಮಂಗಳಾ ಸ್ಟೇಡಿಯಮ್ಮಲ್ಲಿ ಬೆಳಿಗ್ಗೆ ಪ್ರಾಕ್ಟೀಸಿಗೆ ಬರುವ ಫೈನಲ್ ಇಯರ್ ಮಕ್ಕಳು ನನ್ನತ್ರ ಕೇಳುದು ಒಂದೇ, ಅಕ್ಕ ಇನ್ನು ಮುಂದೆ ಎಂತ ಮಾಡುದು ಅಂತ. ನಮ್ಮ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸಲ್ಲಿ 400 ಮೀಟರ್ ಹರ್ಡಲ್ಸಲ್ಲಿ (ಅಡ್ಡ ಇಟ್ಟ ತಡೆಗಳನ್ನು ಹಾರಿ ಓಡುವ ಓಟ) ಚಿನ್ನ ತಂದದ್ದು ನೋಡಿಯೇ ನಾನು ಅದೇ ಇವೆಂಟಿಗೆ ಇಳಿದದ್ದು, ಯೂನಿವರ್ಸಿಟಿ ಮೀಟಲ್ಲಿ ಮೆಡಲ್ ಸಹ ಬಂತು, ಈಗ ಉಡುಪಿ ಹತ್ರ ಶಾಲೆ ಮಕ್ಕಳಿಗೆ ನಾಟಕ, ಯಕ್ಷಗಾನ ಹೇಳಿಕೊಡ್ತೇನೆ.

ಮೊದಲು ಸರ್ಟಿಫಿಕೇಟ್ ಜೋಪಾನ ಮಾಡಿ. ನಮ್ಮೂರ ಮಳೆಗಾಲ ಗೊತ್ತುಂಟಲ್ಲ, ಕಪಾಟಿನ ಒಳಗಿಟ್ಟ ಕಾಗದಕ್ಕೂ ಬೂಸ್ಟು ಹಿಡೀತದೆ. ನನ್ನ ಒಂದು ಸರ್ಟಿಫಿಕೇಟಲ್ಲಿ ಸೀಲ್ ಇದ್ದ ಜಾಗ ಬರೀ ನೀಲಿ ಕಲೆ ಆಗಿಹೋಗಿತ್ತು, ಇಂಟರ್‌ವ್ಯೂನಲ್ಲಿ ಒಪ್ಪಲೇ ಇಲ್ಲ, ಬಸ್ಸಲ್ಲಿ ಅತ್ತುಕೊಂಡೇ ಮನೆಗೆ ಬಂದೆ. ಸಿಕ್ಕಿದ ದಿನವೇ ಸ್ಕ್ಯಾನ್ ಮಾಡಿ. ಮೆಡಲಲ್ಲಿ ಟೈಮಿಂಗ್ ಇರುದಿಲ್ಲ, ಹಾಗಾಗಿ ಇವೆಂಟ್, ಟೈಮಿಂಗ್, ಊರು, ತಾರೀಕು ಒಂದು ಪುಸ್ತಕದಲ್ಲಿ ಬರೆದಿಡಿ.

ಕೋರ್ಸ್ ವಿಷಯ. ಪಿಇ ಟೀಚರ್, ಅಂದ್ರೆ ದೈಹಿಕ ಶಿಕ್ಷಣದ ಟೀಚರ್ ಆಗ್ಲಿಕ್ಕೆ ಡಿಗ್ರಿ ಆದ ಮೇಲೆ 2 ವರ್ಷದ ಬಿಪಿಎಡ್, ಸಬ್ಜೆಕ್ಟ್ ಟೀಚರಿಗೆ 2 ವರ್ಷದ ಬಿಎಡ್, 8ನೇ ಕ್ಲಾಸಿನವರೆಗೆ ಪಾಠ ಮಾಡುದಾದ್ರೆ ಟಿಇಟಿ (ಟೀಚರ್ ಅರ್ಹತಾ ಪರೀಕ್ಷೆ) ಸಹ. ಕಲೆ ಬೇಕಂದ್ರೆ ನಾಟಕ ಕಲಿಸುವ ಹೆಗ್ಗೋಡಿನ ನೀನಾಸಂ ಉಂಟು, ಉಡುಪಿ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಉಂಟು. ನನ್ನ ಕೇಳಿದ್ರೆ ಕಲೆಯನ್ನೇ ಮೊದಲು ಕಲೀರಿ, ಬಿಎಡ್ ಐದು ವರ್ಷ ಬಿಟ್ಟೂ ಮಾಡಬಹುದು, ಆದ್ರೆ ಓಡಿ ಹದ ಆದ ಮೈ ಅಷ್ಟು ವರ್ಷ ಕಾಯುದಿಲ್ಲ.

ಓಟದಲ್ಲಿ ಕಲಿತದ್ದು ಕುಣಿತಕ್ಕೆ ಬರ್ತದಾ ಅಂದ್ರೆ ಖಂಡಿತ ಬರ್ತದೆ, ಮುಖ್ಯವಾಗಿ ಲೆಕ್ಕ. 400 ಹರ್ಡಲ್ಸಲ್ಲಿ 10 ಹರ್ಡಲ್, ಒಂದರಿಂದ ಇನ್ನೊಂದಕ್ಕೆ 35 ಮೀಟರ್, ನನ್ನದು ಮಧ್ಯದಲ್ಲಿ 17 ಹೆಜ್ಜೆ, 17 ಆದ್ರೆ ಹಾರುವ ಹೆಜ್ಜೆ ಸೇರಿ 18, ಅದೇ ಕಾಲು ಮುಂದೆ ಬರ್ತದೆ, 16 ಆದ್ರೆ ಕಾಲು ಬದಲಾಗ್ತದೆ. ಯಕ್ಷಗಾನದ ತ್ರಿವುಡೆ ತಾಳಕ್ಕೆ ಒಂದು ಆವರ್ತದಲ್ಲಿ, ಅಂದ್ರೆ ಒಂದು ಸುತ್ತಲ್ಲಿ, 7 ಅಕ್ಷರ, ಅಕ್ಷರಕ್ಕೊಂದು ಹೆಜ್ಜೆ ಹಾಕಿ ನೋಡಿ, ಪ್ರತಿ ಆವರ್ತಕ್ಕೂ ಬೇರೆ ಕಾಲಿಂದ ಶುರುವಾಗ್ತದೆ. ಹೊಸಬರು ಅಲ್ಲಿ ತಡವರಿಸ್ತಾರೆ, ನನಗೆ ಅದು ಒಂದೇ ವಾರದಲ್ಲಿ ಕಾಲಿಗೆ ಕೂತುಬಿಟ್ಟಿತು. ಕಷ್ಟ ಆದದ್ದು ನಿಲ್ಲುದು. ನಾವು ಮುಂದಕ್ಕೆ ಬಾಗಿ ಮುಂಗಾಲಲ್ಲೇ ಇರ್ತೇವೆ, ಗುರುಗಳು ಕೋಲಿಂದ ಬೆನ್ನು ಮುಟ್ಟಿ "ಓಡ್ಬೇಡ ಮಾರಾಯ್ತಿ, ನಿಲ್ಲು" ಅಂತಿದ್ರು. ತೊಡೆ ಬಿಗಿ ಇದ್ದವರು ಧೀಂಗಿಣಕ್ಕೆ (ಎಗರಿ ತಿರುಗುವ ಕುಣಿತ) ಅವಸರ ಮಾಡ್ಬೇಡಿ, ಮಂಡಿಗೆ ಪೆಟ್ಟು ಬೀಳ್ತದೆ, ಮೊದಲು ಎರಡು ತಿಂಗಳು ಬರೇ ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ಹಾಗೆ ನಿಲ್ಲುದು) ಮತ್ತೆ ಸ್ಟ್ರೆಚಿಂಗ್.

ಶಾಲೆಯಲ್ಲಿ ಡೆಮೋ ಕ್ಲಾಸ್ ಕೊಡುವಾಗ ಭಾಷಣ ಬೇಡ. ನೆಲದಲ್ಲಿ ಸೀಮೆಸುಣ್ಣದಲ್ಲಿ 7 ಗೆರೆ ಎಳೀರಿ, ಮಕ್ಕಳನ್ನು ಸಾಲಲ್ಲಿ ಬಿಡಿ, ಕೈತಟ್ಟಿ ಲೆಕ್ಕ ಹೇಳಿ ದಾಟಿಸಿ. ಹಿಂದಿನ ಬೆಂಚಿನ ಹುಡುಗ ಸಹ ಎದ್ದು ಬರ್ತಾನೆ, ನಾನು ನೋಡಿದ್ದೇನೆ. ಸೀಮೆಸುಣ್ಣ ಮನೆಯಿಂದಲೇ ತಗೊಂಡು ಹೋಗಿ, ಈಗ ಎಷ್ಟೋ ಕಡೆ ವೈಟ್‌ಬೋರ್ಡ್ ಮಾತ್ರ ಇರುದು.