ಹವಳದ ತೊಟ್ಟಿಗೆ ಏಡಿ ಬಿಡುವ ಮುನ್ನ ಇಕ್ಕುಳ ನೋಡಿ

ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂನಲ್ಲಿ ಏಡಿ ಇಡಬಹುದೇ? ಇಡಬಹುದು, ಆದರೆ ಜಾತಿ ನೋಡಿ. ‘ರೀಫ್ ಸೇಫ್’ (ಹವಳಕ್ಕೆ ಹಾನಿ ಮಾಡದ್ದು) ಎಂದು ಚೀಟಿ ಅಂಟಿಸಿ ಮಾರುವ ಏಡಿ ಕೂಡ ಹೊಟ್ಟೆ ಹಸಿದರೆ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ.

ಮೊದಲು ಇಕ್ಕುಳದ ತುದಿ ಗಮನಿಸಿ. ತುದಿ ಮೊಂಡಾಗಿ, ಚಮಚದಂತೆ ಕುಳಿಬಿದ್ದಿದ್ದರೆ ಅದು ಹೆಚ್ಚಾಗಿ ಪಾಚಿ ಕೆರೆದು ತಿನ್ನುವ ಜಾತಿ. ಗುಳ್ಳೆಪಾಚಿಗೆಂದು ತರುವ ಎಮರಾಲ್ಡ್ ಏಡಿಯದ್ದು ಹೀಗಿರುತ್ತದೆ. ಚೂಪಾದ ಕಪ್ಪು ತುದಿ, ಮೈತುಂಬ ರೋಮ ಇದ್ದರೆ ಅನುಮಾನಿಸಿ. ಕಡಲಜೀವಿಗಳು ಅಂಟಿಕೊಂಡೇ ಬರುವ ‘ಜೀವಂತ ಕಲ್ಲಿನ’ (ಲೈವ್ ರಾಕ್) ಸಂದಿಯಲ್ಲಿ ಕೂತು ಬರುವ ‘ಗೊರಿಲ್ಲಾ’ ಏಡಿಗಳು ಇವು. ರಾತ್ರಿ ಹೊರಬಂದು ಹವಳ, ಬಸವನಹುಳು ಎರಡನ್ನೂ ತಿನ್ನುತ್ತವೆ.

ಹಾಗೆಂದು ಹವಳದ ಕೊಂಬೆಗಳ ನಡುವೆ ಕಂಡ ಏಡಿಯನ್ನೆಲ್ಲ ಕಿತ್ತೆಸೆಯಬೇಡಿ. ಪೊಸಿಲೊಪೋರಾ ಜಾತಿಯ ಹವಳಗಳಲ್ಲಿ ವಾಸಿಸುವ ಟ್ರಪೇಜಿಯಾ ಏಡಿಯ ಬೆನ್ನು ನುಣುಪಾಗಿ ಹೊಳೆಯುತ್ತದೆ. ಹವಳ ಸ್ರವಿಸುವ ಲೋಳೆಯೇ ಅದರ ಮುಖ್ಯ ಆಹಾರ. ಕಡಲಿನಲ್ಲಿ ಹವಳ ತಿನ್ನಲು ಬರುವ ಮುಳ್ಳಿನ ನಕ್ಷತ್ರಮೀನನ್ನು ಚಿವುಟಿ ಓಡಿಸುವ ಕಾವಲುಗಾರ ಅದು.

ಹೊಸಬರಿಗೆ ಪೋರ್ಸಲೀನ್ ಏಡಿ ಒಳ್ಳೆಯದು. ಬೀಸಣಿಗೆಯಂಥ ಬಾಯಂಗದಿಂದ ನೀರು ಸೋಸಿ ಉಣ್ಣುವ ಅದಕ್ಕೆ ಹವಳದ ಗೊಡವೆ ಇಲ್ಲ. ಎಮರಾಲ್ಡ್ ಏಡಿಯಾದರೆ 100 ಲೀಟರಿಗೆ ಒಂದು ಸಾಕು. ಬಾಣದ ಏಡಿ, ಡೆಕೊರೇಟರ್ ಏಡಿ, ಸ್ಯಾಲಿ ಲೈಟ್‌ಫುಟ್ ಬೇಡ. ಡೆಕೊರೇಟರ್ ಅಂತೂ ಹವಳದ ತುಂಡು ಕತ್ತರಿಸಿ ಬೆನ್ನಿಗೆ ಸಿಂಗರಿಸಿಕೊಳ್ಳುತ್ತದೆ. ಸ್ಯಾಲಿ ದೊಡ್ಡದಾದ ಮೇಲೆ ಮಲಗಿದ ಮೀನನ್ನೂ ಹಿಡಿಯುತ್ತದೆ.

ತಂದ ಏಡಿಯನ್ನು ನೇರವಾಗಿ ತೊಟ್ಟಿಗೆ ಸುರಿಯಬಾರದು. ಚೀಲದ ನೀರಿನ ಸಮೇತ ಡಬ್ಬಿಗೆ ಹಾಕಿ. ಗಾಳಿಪಂಪಿನ ಸಣ್ಣ ಕೊಳವೆಗೆ (ಏರ್‌ಲೈನ್) ಗಂಟು ಹಾಕಿ, ತೊಟ್ಟಿಯ ನೀರು ಸೆಕೆಂಡಿಗೆ 2ರಿಂದ 4 ಹನಿಯಂತೆ ಬೀಳಲಿ. ನೀರು ಎರಡರಷ್ಟಾದಾಗ ಅರ್ಧ ಚೆಲ್ಲಿ, ಮತ್ತೊಮ್ಮೆ ತುಂಬಿಸಿ. ಸುಮಾರು ಒಂದು ಗಂಟೆ ಹಿಡಿಯುತ್ತದೆ. ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಇರಲಿ. ಮೀನಿನ ರೋಗಕ್ಕೆ ತಾಮ್ರದ ಔಷಧ ಹಾಕಿದ ತೊಟ್ಟಿಗೆ ಏಡಿ ಬಿಡಲೇಬೇಡಿ. ತಾಮ್ರ ಏಡಿಗೆ ವಿಷ.

ಹರ್ಮಿಟ್ ಏಡಿ ಸಾಕುವವರು ಒಂದೊಂದಕ್ಕೂ ಮೂರ್ನಾಲ್ಕು ಖಾಲಿ ಚಿಪ್ಪು ಹಾಕಿಡಬೇಕು, ಅದು ಈಗ ಹೊತ್ತಿರುವುದಕ್ಕಿಂತ ತುಸು ದೊಡ್ಡವು. ಇಲ್ಲದಿದ್ದರೆ ಬಸವನಹುಳುವನ್ನು ಕೊಂದು ಅದರ ಮನೆಗೇ ನುಗ್ಗುತ್ತದೆ. ಪಾಚಿ ಮುಗಿದ ತೊಟ್ಟಿಯಲ್ಲಿ ವಾರಕ್ಕೆ ಎರಡು ಸಲ ನೋರಿ (ಒಣಗಿಸಿದ ಕಡಲಪಾಚಿಯ ಹಾಳೆ) ಚೂರು ಅಥವಾ ಮುಳುಗುವ ಪೆಲೆಟ್ ಕೊಡಿ. ಎಮರಾಲ್ಡ್ ಏಡಿ ಹವಳ ಚಿವುಟಲು ಶುರುಮಾಡುವುದು ಬಹುಪಾಲು ಹಸಿವಿನಿಂದಲೇ.

ಒಂದು ಬೆಳಗ್ಗೆ ಸತ್ತ ಏಡಿ ಕಂಡರೆ ಗಾಬರಿ ಬೇಡ. ಒಳಗೆ ಟೊಳ್ಳಾಗಿದ್ದರೆ ಅದು ಕಳಚಿಟ್ಟ ಪೊರೆ ಅಷ್ಟೆ. ಮೈ ಮೆತ್ತಗಿರುವ ಏಡಿ ಕೆಲವು ದಿನ ಅಡಗಿರುತ್ತದೆ, ಹುಡುಕಲು ಕಲ್ಲು ಕದಲಿಸಬೇಡಿ.

ಕೆಟ್ಟ ಏಡಿ ಸೇರಿಕೊಂಡಿದ್ದರೆ ಗಾಜಿನ ಲೋಟವೇ ಬಲೆ. ತಳದಲ್ಲಿ ಸಿಗಡಿ ತುಂಡಿಟ್ಟು, ದೀಪ ಆರಿದ ಮೇಲೆ ಲೋಟದ ಬಾಯಿ ಕಲ್ಲಿಗೆ ತಾಗುವಂತೆ ಓರೆಯಾಗಿ ನಿಲ್ಲಿಸಿ. ಒಳಗಿಳಿದ ಏಡಿ ನುಣ್ಣನೆಯ ಗಾಜು ಹತ್ತಲಾರದು. ಬಿಲ ಬಿಟ್ಟು ಬಾರದಿದ್ದರೆ ಆ ಕಲ್ಲನ್ನು ಹೊರತೆಗೆದು, ಸಿರಿಂಜಿನಿಂದ ಬಿಲಕ್ಕೆ ಸಿಹಿಯಿಲ್ಲದ ಸೋಡಾನೀರು ಬಿಡಿ, ಏಡಿ ಹೊರಬರುತ್ತದೆ. ಕಲ್ಲನ್ನು ಉಪ್ಪುನೀರಿನಲ್ಲಿ ತೊಳೆದೇ ಮರಳಿ ಇಡಿ. ಹಿಡಿದ ಏಡಿ ಸಂಪ್‌ನಲ್ಲಿ (ತೊಟ್ಟಿಗೆ ಜೋಡಿಸಿದ ಸೋಸುವ ತೊಟ್ಟಿ) ಬದುಕಿಕೊಳ್ಳುತ್ತದೆ; ಕಡಲಿಗೆ ಮಾತ್ರ ಬಿಡಬಾರದು.